ಲೆಕ್ಕದ ಮೂಲ ಹುಡುಕುತ್ತಾ

ಕೊರಟಗೆರೆಯಿಂದ ತುಮಕೂರು ಹತ್ತಿರ. ಮಧುಗಿರಿಯಿಂದ 40 ಕಿ.ಮೀ. ಮೀರುತ್ತದೆ, ಶಿರಾದಿಂದ ಹೆದ್ದಾರಿ ಹಿಡಿದರೆ 50ರ ಆಸುಪಾಸು. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದಿಂದ ಸುಮಾರು 100. ಹೃದಯಾಘಾತವಾದವರನ್ನು ಈ ದಾರಿಗಳಲ್ಲಿ ಕರೆದೊಯ್ಯುವಾಗ ಡಾಕ್ಟರು ಕೇಳುವ ಮೊದಲ ಪ್ರಶ್ನೆ, ನೋವು ಬಂದು ಎಷ್ಟು ಹೊತ್ತಾಯಿತು ಎಂದು. ಈ ಹೊತ್ತಿನ ಲೆಕ್ಕವನ್ನು ಮೊದಲು ಕಟ್ಟಿದವರು ಯಾರು? ಹಳೆಯ ವೈದ್ಯಕೀಯ ಪತ್ರಿಕೆಗಳನ್ನು ಹಿಮ್ಮುಖವಾಗಿ ಓದುತ್ತಾ ಹೋದೆ.

ಮೊದಲು ಎದುರಾದದ್ದು 1986ರ ಇಟಲಿಯ ಜಿಸ್ಸಿ ಅಧ್ಯಯನ. 11 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧ ಜನಕ್ಕೆ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಕೊಟ್ಟಿದ್ದರು. 1 ಗಂಟೆಯೊಳಗೆ ಮದ್ದು ಸಿಕ್ಕವರಲ್ಲಿ ಸಾವು ಅರ್ಧದಷ್ಟು ಇಳಿಯಿತು. 6 ಗಂಟೆ ದಾಟಿದವರಿಗೆ ಹೇಳಿಕೊಳ್ಳುವ ಲಾಭವಾಗಲಿಲ್ಲ. ಆದರೆ ಒಳಗೆ ಸ್ನಾಯು ಯಾವ ಕ್ರಮದಲ್ಲಿ ಸಾಯುತ್ತದೆಂಬುದು ಅಲ್ಲಿಲ್ಲ. ರಕ್ತನಾಳ ಮುಚ್ಚಿದ ಗಳಿಗೆ ರೋಗಿಗೇ ಖಚಿತವಾಗಿ ತಿಳಿದಿರುವುದಿಲ್ಲ. ಮುಚ್ಚಿ, ಗಡಿಯಾರ ನೋಡಿ, ಮತ್ತೆ ತೆರೆಯಲು ಸಾಧ್ಯವಾದದ್ದು ಪ್ರಾಣಿಗಳಲ್ಲಿ ಮಾತ್ರ.

1977ರ ರೈಮರ್, ಜೆನ್ನಿಂಗ್ಸ್ ಮತ್ತು ಸಂಗಡಿಗರ ಬರಹದಲ್ಲಿ ನಾನು ಹುಡುಕುತ್ತಿದ್ದುದು ಸಿಕ್ಕಿತು. ನಾಯಿಯ ಹೃದಯದ ಒಂದು ಧಮನಿಯನ್ನು 40 ನಿಮಿಷ ಬಿಗಿದು ಸಡಿಲಿಸಿದಾಗ, ರಕ್ತ ನಿಂತ ಭಾಗದ ಗೋಡೆಯ ದಪ್ಪದಲ್ಲಿ ಸುಮಾರು ಶೇ. 38 ಸತ್ತಿತ್ತು. 3 ಗಂಟೆಗೆ ಶೇ. 57, 6 ಗಂಟೆಗೆ ಶೇ. 71. ಸಾವು ಹೃದಯದ ಒಳಪದರದಲ್ಲಿ ಹುಟ್ಟಿ ಹೊರಕ್ಕೆ ಹಬ್ಬುತ್ತದೆ. ಹಾಗಾಗಿ ತಡವಾಗಿ ತೆರೆದರೂ ಹೊರಗಿನ ಒಂದಿಷ್ಟು ಸ್ನಾಯು ಉಳಿಯುತ್ತದೆ.

ಜೆನ್ನಿಂಗ್ಸ್ ತಂಡದ ಮೂಲ ಬರಹ 1960ರದು: ತಾತ್ಕಾಲಿಕ ತಡೆ ಸುಮಾರು 20 ನಿಮಿಷದೊಳಗೆ ಮುಗಿದರೆ ಸ್ನಾಯು ಚೇತರಿಸಿಕೊಳ್ಳಬಲ್ಲದು. ಪ್ರಾಣಿಹಿಂಸೆ ತಡೆಯುವ ನಮ್ಮ ದೇಶದ ಕಾಯಿದೆ ಬಂದದ್ದೂ ಅದೇ 1960ರಲ್ಲಿ. ಎರಡನ್ನೂ ಒಟ್ಟಿಗೇ ಓದಬೇಕು ಎನಿಸುತ್ತದೆ. ಈ ಶೇಕಡಾವಾರುಗಳಿಗೆ ಜೀವ ತೆತ್ತ ನಾಯಿಗಳಿವೆ.

ಆದರೆ ನಾಯಿಯ ಗಡಿಯಾರವನ್ನು ಹಾಗೆಹಾಗೇ ಮನುಷ್ಯನಿಗೆ ಕಟ್ಟುವಂತಿಲ್ಲ. ನಾಯಿಯ ಹೃದಯದಲ್ಲಿ ಅಡ್ಡದಾರಿಯ ಕಿರುನಾಳಗಳಿವೆ, ಮುಖ್ಯ ನಾಳ ಕಟ್ಟಿದರೂ ಅಷ್ಟಿಷ್ಟು ರಕ್ತ ಹರಿಯುತ್ತದೆ. ಗಿನಿಯಿಲಿಯಲ್ಲಿ ಅವು ಎಷ್ಟಿವೆಯೆಂದರೆ ಒಂದು ನಾಳ ಕಟ್ಟಿದರೂ ಸ್ನಾಯು ಸಾಯುವುದಿಲ್ಲ. ಹಂದಿಯಲ್ಲೂ, ಶಿರಾ ಪಾವಗಡದ ಬಯಲಲ್ಲಿ ಮೇಯುವ ಕುರಿಯಲ್ಲೂ ಬಹಳ ಕಡಿಮೆ, ಸ್ನಾಯು ಬೇಗ ಸಾಯುತ್ತದೆ. ಮನುಷ್ಯರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ. ಯಾರ ಎದೆಯಲ್ಲಿ ಎಷ್ಟಿವೆಯೆಂದು ಮೊದಲೇ ತಿಳಿಯುವುದಿಲ್ಲವಾದ್ದರಿಂದ, ಎಲ್ಲರನ್ನೂ ಕುರಿಯ ಗಡಿಯಾರದಲ್ಲಿ ನೋಡುವುದೇ ಸರಿ ಎಂದು ನನ್ನ ಅಭಿಪ್ರಾಯ.

2023ರಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಈ ಲೆಕ್ಕಕ್ಕೆ ಹತ್ತಿರ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುವುದು ಅದರ ಕ್ರಮ. ಪಾವಗಡದಂಥ ಊರಿಗೆ ಇದು ಹೇಳಿ ಮಾಡಿಸಿದ್ದು. ಆದರೂ ಪ್ರಯೋಗಶಾಲೆಯಲ್ಲಿ ಎಣಿಕೆ ಶುರುವಾಗುವುದು ನಾಳ ಬಿಗಿದ ಕ್ಷಣದಿಂದ. ಗ್ಯಾಸ್ ಇರಬೇಕು, ಬೆಳಗ್ಗೆ ನೋಡೋಣ ಎಂದು ಮನೆಯಲ್ಲಿ ಕಳೆದ ರಾತ್ರಿಯೂ ಆ ಎಣಿಕೆಯೊಳಗೇ ಸೇರುತ್ತದೆ.