ಊಷರಭೂಮಿಯೂ ನದೀಜಲವೂ

ಭೂಮಿಯನ್ನು ಅದಕ್ಕೆ ನೀರೊದಗುವ ರೀತಿಯಿಂದ ವಿಭಾಗಿಸುವ ಪದ್ಧತಿಯು ಭರತಖಂಡದಲ್ಲಿ ಪ್ರಾಚೀನವಾದುದು. ಮಳೆಯಿಂದ ಬೆಳೆವ ನಾಡು ದೇವಮಾತೃಕವೆಂದೂ, ನದಿಯ ನೀರಿನಿಂದ ಬೆಳೆವ ನಾಡು ನದೀಮಾತೃಕವೆಂದೂ ಅಮರಸಿಂಹನು ತನ್ನ ಕೋಶದ ಭೂಮಿವರ್ಗದಲ್ಲಿ ಹೇಳಿರುವನು. ಆ ವರ್ಗದಲ್ಲಿಯೇ ಉಪ್ಪುಮಣ್ಣಿಗೆ ಊಷವೆಂದೂ, ಅದುಳ್ಳ ನೆಲಕ್ಕೆ ಊಷರವೆಂದೂ ಹೆಸರುಗಳಿವೆ. ಕನ್ನಡದಲ್ಲಿ ಇದನ್ನೇ ಸವುಳು, ಚೌಳು, ಕರಲು ಎನ್ನುವರು. ದೇವಮಾತೃಕವಾಗಿದ್ದ ಸೀಮೆಯು ನದೀಮಾತೃಕವಾದೊಡನೆ ಊಷರವಾಗುವುದೇಕೆ, ಆ ಉಪ್ಪು ಕಡೆಗೆ ಎಲ್ಲಿ ಸೇರುವುದು ಎಂಬೆರಡು ಪ್ರಶ್ನೆಗಳಿಗೆ ಕೃಷ್ಣಾ ತುಂಗಭದ್ರಾ ಪ್ರಾಂತದ ನೀರಾವರಿಯ ಚರಿತ್ರೆಯಲ್ಲಿ ಉತ್ತರವು ದೊರೆಯುತ್ತದೆ.

ಸಿಹಿಯೆನಿಸಿಕೊಳ್ಳುವ ನದೀಜಲದಲ್ಲಿಯೂ ಲವಣಾಂಶವಿದ್ದೇ ಇರುವುದು. ಲೀಟರಿಗೆ 300 ಮಿಲಿಗ್ರಾಮಿನಷ್ಟು ಲವಣವಿರುವ ನೀರನ್ನು ಒಂದು ಹೆಕ್ಟೇರು ನೆಲಕ್ಕೆ ಒಟ್ಟು ಒಂದು ಮೀಟರಿನ ಆಳಕ್ಕೆ ಹಾಯಿಸಿದರೆ, ಒಂದು ಕೋಟಿ ಲೀಟರು ನೀರಿನೊಡನೆ 3,000 ಕಿಲೋಗ್ರಾಂ ಉಪ್ಪು ಹೊಲವನ್ನು ಸೇರಿದಂತಾಯಿತು. ನೀರು ಆವಿಯಾಗುವುದು, ಉಪ್ಪು ಉಳಿಯುವುದು. ಬೆಳೆಗೆ ಮೀರಿದ ನೀರು ಕೆಳಗಿಳಿದು ಅಂತರ್ಜಲವನ್ನು ಮೇಲಕ್ಕೆತ್ತಿ, ಎರೆಮಣ್ಣಿನಲ್ಲಿ ಮೊದಲೇ ಹುದುಗಿದ್ದ ಲವಣವನ್ನೂ ಬೇರಿನ ಮಟ್ಟಕ್ಕೆ ತರುವುದು. ಹೀಗೆ ಜವುಗೂ ಸವುಳೂ ಒಂದೇ ಕಾರಣದ ಎರಡು ಕಾರ್ಯಗಳಾಗಿವೆ.

ವಿಜಯನಗರದ ಅರಸರು ತುಂಗಭದ್ರೆಗೆ ಒಡ್ಡುಗಳನ್ನು ಕಟ್ಟಿ ತೆಗೆಸಿದ ಕಾಲುವೆಗಳು ಶತಮಾನಗಳು ಕಳೆದರೂ ಹೊಸಪೇಟೆ ಆನೆಗೊಂದಿಗಳ ಸುತ್ತಿನ ಗದ್ದೆತೋಟಗಳಿಗೆ ನೀರುಣಿಸುತ್ತಿವೆ. ಇವು ನದಿಯ ಸಮೀಪದಲ್ಲಿಯೇ ಹರಿಯುವುದರಿಂದ ಹೆಚ್ಚಿದ ನೀರು ಅಲ್ಪದೂರದಲ್ಲಿ ನದಿಗೆ ಮರಳಲು ಅವಕಾಶವುಂಟು. ಆಧುನಿಕ ಕಾಲುವೆಗಳಾದರೋ ನದಿಯನ್ನು ದೂರಬಿಟ್ಟು, ಹಿಂದೆಂದೂ ನೀರು ಕಾಣದ ಎರೆಭೂಮಿಯ ವಿಶಾಲವಾದ ಬಯಲನ್ನು ಹೊಕ್ಕವು.

ಇದರ ಪರಿಣಾಮವು ಮೊದಲು ಸ್ಪಷ್ಟವಾದುದು ಭೀಮೆಯ ಉಪನದಿಯಾದ ನೀರಾನದಿಯ ಕಣಿವೆಯಲ್ಲಿ. 19ನೆಯ ಶತಮಾನದ ಕಡೆಯಲ್ಲಿ ಅಲ್ಲಿ ಕಾಲುವೆಯು ಆರಂಭವಾಯಿತು. 1910ರಲ್ಲಿ ಹೆರಾಲ್ಡ್ ಮ್ಯಾನ್ ಮತ್ತು ತಾಮ್ಹಣೆಯವರು ಆ ಕಣಿವೆಯ ಉಪ್ಪುನೆಲಗಳನ್ನು ಕುರಿತೇ ಗ್ರಂಥವನ್ನು ಬರೆಯಬೇಕಾಯಿತು. ಮುಂಬಯಿ ಆಧಿಪತ್ಯದ ಸೇವೆಯಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 20ನೆಯ ಶತಮಾನದ ಆದಿಯಲ್ಲಿ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಕಾಲುವೆಯ ನೀರನ್ನು ಅನೇಕ ಗ್ರಾಮಗಳಿಗೆ ಹಂಚಿ, ಗೊತ್ತಾದ ವಿಭಾಗಗಳಲ್ಲಿ ಕಬ್ಬಿನಂತಹ ಹೆಚ್ಚು ನೀರಿನ ಬೆಳೆಗೆ ಮಿತಿಯನ್ನು ವಿಧಿಸಿ, ಉಳಿದ ನೆಲದಲ್ಲಿ ಇತರ ಬೆಳೆಗಳನ್ನು ಸರದಿಯಂತೆ ತೆಗೆಯುವುದು ಅದರ ಸಾರ. ನೀರನ್ನು ನ್ಯಾಯವಾಗಿ ಹಂಚುವ ಈ ಕ್ರಮವೇ ನೆಲವನ್ನು ರಕ್ಷಿಸುವ ಕ್ರಮವೂ ಆಗಿದ್ದಿತು.

ತುಂಗಭದ್ರಾ ಅಣೆಕಟ್ಟಿನ ಶಂಕುಸ್ಥಾಪನೆಯು 1945ರಲ್ಲಿ ನಡೆಯಿತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. 227 ಕಿಲೋಮೀಟರು ಉದ್ದದ ಎಡದಂಡೆಯ ಕಾಲುವೆಯನ್ನು ಯೋಜಿಸಿದವರ ಉದ್ದೇಶವು ಕ್ಷಾಮಪೀಡಿತವಾದ ರಾಯಚೂರು ಸೀಮೆಯ ಬಹುಭಾಗಕ್ಕೆ ಜೋಳ, ಹತ್ತಿ, ಶೇಂಗಾ ಮೊದಲಾದ ಬೆಳೆಗಳಿಗೆ ಸಾಲುವಷ್ಟು ಮಿತವಾದ ನೀರನ್ನು ಒದಗಿಸುವುದು. ಬತ್ತಕ್ಕೆ ಸ್ವಲ್ಪ ನೆಲವನ್ನು ಮಾತ್ರ ಗೊತ್ತುಮಾಡಿದ್ದರು. ಆದರೆ ಕಾಲುವೆಯ ಮೇಲುಭಾಗದಲ್ಲಿ ಬತ್ತವು ಈ ಮೇರೆಯನ್ನು ಮೀರಿ ಹಬ್ಬಿತು. ಗಂಗಾವತಿ, ಸಿಂಧನೂರುಗಳ ಕಡೆ ಜವುಗೂ ಸವುಳೂ ಕಾಣಿಸಿಕೊಂಡವು. ಮಾನ್ವಿ, ರಾಯಚೂರುಗಳ ಕಡೆಯ ಕೊನೆಯಂಚಿನ ರೈತರಿಗೆ ನೀರೇ ತಲುಪದಾಯಿತು. ಮೇಲಿನವನ ಅತಿಯೂ ಕೆಳಗಿನವನ ಕೊರತೆಯೂ ಒಂದೇ ತೂಬಿನಿಂದ ಹುಟ್ಟಿದವು. ಜವುಗಾದ ನೆಲದಲ್ಲಿ ನಿಂತ ನೀರನ್ನು ಸಹಿಸುವ ಬತ್ತವಲ್ಲದೆ ಬೇರೆ ಬೆಳೆಯು ಬಾರದುದರಿಂದ, ಮೊದಲು ಲಾಭಕ್ಕಾಗಿ ಹಿಡಿದ ಬೆಳೆಯು ಅನಂತರ ಬಿಡಲಾಗದ ಬೆಳೆಯಾಯಿತು.

ಬಸಿಗಾಲುವೆಗಳನ್ನು ತೋಡಿ ಉಪ್ಪುನೀರನ್ನು ಹೊರಗೆ ಕಳುಹಿಸುವುದು ಇದಕ್ಕೆ ಪರಿಹಾರವೆಂಬುದು ನಿಜವಾದರೂ ಪೂರ್ಣಸತ್ಯವಲ್ಲ. ಬಸಿಗಾಲುವೆಯು ಹಳ್ಳವನ್ನೂ, ಹಳ್ಳವು ನದಿಯನ್ನೂ ಸೇರುವುದರಿಂದ, ಒಬ್ಬನ ಹೊಲವನ್ನು ಬಿಟ್ಟ ಉಪ್ಪು ಕೆಳಗಿನವನ ನೀರಿನಲ್ಲಿ ಬೆರೆಯುವುದು. ಅಮೆರಿಕದ ಕೊಲೊರಾಡೋ ನದಿಯಲ್ಲಿ ಇದೇ ನಡೆಯಿತು. 1961ರಿಂದ ಅರಿಜೋನಾ ಪ್ರಾಂತದ ಹೊಲಗಳ ಬಸಿನೀರನ್ನು ಆ ನದಿಗೆ ಬಿಡಲು, ಕೆಳಗಿನ ಮೆಕ್ಸಿಕೋ ದೇಶದ ಬೆಳೆಗಳು ಕೆಟ್ಟು ಎರಡು ರಾಷ್ಟ್ರಗಳಿಗೆ ವಿವಾದ ಹುಟ್ಟಿತು. 1973ರಲ್ಲಿ ಒಪ್ಪಂದವೂ, 1974ರಲ್ಲಿ ನದಿಯ ಲವಣವನ್ನು ತಡೆಯುವ ಶಾಸನವೂ ಆದವು. ಅನಂತರ ಅಲ್ಲಿ ಕಾಲುವೆಗಳಿಗೆ ಗಾರೆಯ ಹೊದಿಕೆ ಹಾಕಿ, ಹೊಲದ ನೀರಾವರಿಯನ್ನು ತಿದ್ದಿ, ಉಪ್ಪು ನದಿಗಿಳಿಯುವುದನ್ನು ಮೂಲದಲ್ಲಿಯೇ ತಗ್ಗಿಸುವ ಮಾರ್ಗವನ್ನು ಹಿಡಿದರು.

ಬೇರಿನ ಸುತ್ತಲಿನ ಲವಣವನ್ನು ತೊಳೆಯಲು ಕೊಂಚ ಹೆಚ್ಚಿನ ನೀರು ಆವಶ್ಯಕವೇ, ಬಸಿಗಾಲುವೆಯೂ ಬೇಕು. ಆದರೆ ನೆಲವನ್ನು ಮಟ್ಟಮಾಡುವುದು, ಕಾಲುವೆಯ ಸೋರಿಕೆಯನ್ನು ನಿಲ್ಲಿಸುವುದು, ಸರದಿಯನ್ನು ಪಾಲಿಸುವುದು, ಮಣ್ಣಿಗೆ ತಕ್ಕ ಬೆಳೆಯನ್ನಿಡುವುದು, ಬತ್ತವನ್ನು ನಾಟಿಮಾಡದೆ ನೇರವಾಗಿ ಬಿತ್ತುವುದು ಇವುಗಳಿಂದ ಕೆಳಗಿಳಿವ ನೀರು ಕಡಮೆಯಾದಷ್ಟೂ ಅದು ಕರಗಿಸಿ ಒಯ್ಯುವ ಉಪ್ಪೂ ಕಡಮೆಯಾಗುವುದು. ಉಳಿದ ನೀರು ಕೊನೆಯಂಚಿಗೆ ಸಲ್ಲಬಹುದು. ತೂಬಿನಲ್ಲಿ ಅಳತೆಯಿಲ್ಲದೆ ಬಸಿಗಾಲುವೆಯನ್ನಷ್ಟೇ ಹೆಚ್ಚಿಸಿದರೆ ಸವುಳು ನೀಗುವುದಿಲ್ಲ, ನೆರೆಯವನ ಪಾಲಾಗುವುದು. ನದಿಯನ್ನು ತಾಯಿಯೆಂದು ಕರೆದ ಪ್ರಾಚೀನರ ಪರಿಭಾಷೆಯು ಸಾರ್ಥಕವಾಗಬೇಕಾದರೆ, ಆಕೆಯಿಂದ ಪಡೆದ ನೀರಿನ ಲೆಕ್ಕದಂತೆ ಆಕೆಗೆ ಹಿಂದಿರುಗಿಸುವ ನೀರಿನ ಲೆಕ್ಕವನ್ನೂ ಇಡತಕ್ಕದ್ದು.