ಲೆಕ್ಕದ ಕಾಡು, ಕಟ್ಟಳೆಯ ಕಾಡು: ಹವಾಮಾನ ಸಂಕಲ್ಪಕ್ಕೆ ಕರ್ನಾಟಕದ ಅರಣ್ಯ ಚರಿತ್ರೆಯ ಸಾಕ್ಷ್ಯ

ಹವಾಮಾನ ಬದಲಾವಣೆಯನ್ನು ಕುರಿತ ಅಂತಾರಾಷ್ಟ್ರೀಯ ಒಡಂಬಡಿಕೆಗಳಿಗೆ ಮೂರು ದಶಕಗಳಿಗೂ ಮೀರಿದ ಚರಿತ್ರೆಯಿದೆ. 1992ರಲ್ಲಿ ರಿಯೊ ಡಿ ಜನೈರೊ ನಗರದ ಶೃಂಗಸಭೆಯಲ್ಲಿ ಮೊದಲ ಚೌಕಟ್ಟು ಒಡಂಬಡಿಕೆ ಸಹಿಗೆ ತೆರೆದುಕೊಂಡಿತು. 1997ರ ಕ್ಯೋಟೊ ಒಪ್ಪಂದವು ಅನಿಲ ಹೊರಸೂಸುವಿಕೆಯನ್ನು ನಿಗದಿತ ಪ್ರಮಾಣದಲ್ಲಿ ತಗ್ಗಿಸುವ ಹೊಣೆಯನ್ನು ಕೈಗಾರಿಕೆಯಲ್ಲಿ ಮುಂದುವರಿದ ದೇಶಗಳಿಗಷ್ಟೇ ವಹಿಸಿತು. 2015ರ ಡಿಸೆಂಬರ್‌ನಲ್ಲಿ ಅಂಗೀಕೃತವಾದ ಪ್ಯಾರಿಸ್ ಒಪ್ಪಂದವಾದರೋ ಪ್ರತಿಯೊಂದು ದೇಶವೂ ತನ್ನ ಸಂಕಲ್ಪವನ್ನು ತಾನೇ ಘೋಷಿಸಬೇಕೆಂದು ವಿಧಿಸಿತು. ಘೋಷಿಸಿದ ಗುರಿಯನ್ನು ಮುಟ್ಟದ ದೇಶಕ್ಕೆ ಈ ಒಪ್ಪಂದದಲ್ಲಿ ದಂಡವಿಲ್ಲ. ಕಾಲಕಾಲಕ್ಕೆ ವರದಿ ಒಪ್ಪಿಸುವುದು, ಐದು ವರ್ಷಕ್ಕೊಮ್ಮೆ ಎಲ್ಲರ ಸಾಧನೆಯನ್ನು ಒಟ್ಟಾಗಿ ಅವಲೋಕಿಸುವುದು ಇವೇ ಅದರ ಕಟ್ಟುಪಾಡುಗಳು. ಆದುದರಿಂದ ಅಂತಾರಾಷ್ಟ್ರೀಯ ಸಂಕಲ್ಪದ ಈಡೇರಿಕೆ ಎಂಬುದು ಕೊನೆಗೆ ಆಯಾ ದೇಶದ ನೆಲ ಮತ್ತು ಜನರ ನಡುವಣ ಸಂಬಂಧದ ಪ್ರಶ್ನೆಯಾಗುತ್ತದೆ.

ಭಾರತವು 2015ರಲ್ಲಿ 2030ನ್ನು ಗಡುವಾಗಿ ಇರಿಸಿಕೊಂಡು ಮೂರು ಮುಖ್ಯ ಸಂಕಲ್ಪಗಳನ್ನು ಘೋಷಿಸಿತು. ಮೊದಲನೆಯದು, ರಾಷ್ಟ್ರೀಯ ಉತ್ಪನ್ನದ ಪ್ರತಿ ಘಟಕಕ್ಕೆ ಹೊರಬೀಳುವ ಅನಿಲದ ಪ್ರಮಾಣವನ್ನು ತಗ್ಗಿಸುವುದು. ಎರಡನೆಯದು, ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಕಲ್ಲಿದ್ದಲು, ತೈಲ, ಅನಿಲಗಳನ್ನು ಅವಲಂಬಿಸದ ಮೂಲಗಳ ಪಾಲನ್ನು ಹೆಚ್ಚಿಸುವುದು. 2022ರಲ್ಲಿ ಪರಿಷ್ಕರಿಸಿದ ಈ ಎರಡನೆಯ ಗುರಿ, ಅಂದರೆ ಶೇ. 50ರ ಪಾಲು, ಗಡುವಿಗೆ ಐದು ವರ್ಷ ಮೊದಲೇ, 2025ರಲ್ಲಿ, ಸಾಧಿತವಾಯಿತು. ಮೂರನೆಯದು ಅರಣ್ಯಕ್ಕೆ ಸಂಬಂಧಿಸಿದುದು: ಹೆಚ್ಚುವರಿ ಅರಣ್ಯ ಮತ್ತು ಮರಗಳ ಹೊದಿಕೆಯ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲಾಮ್ಲಕ್ಕೆ ಸಮನಾದ ಇಂಗಾಲವನ್ನು ಹಿಡಿದಿಡುವುದು. ಮರಗಳು ಕಲ್ಲಿದ್ದಲಿನ ಹೊಗೆಗೆ ಪರಿಹಾರವಾಗಲಾರವು. ಆದರೂ ಗ್ರಾಮೀಣ ಸಮುದಾಯಗಳ ಬದುಕನ್ನು ನೇರವಾಗಿ ಮುಟ್ಟುವ ಸಂಕಲ್ಪ ಇದು. ಇದರ ಈಡೇರಿಕೆಗೆ ಕರ್ನಾಟಕದ ಅರಣ್ಯ ಚರಿತ್ರೆ ಒದಗಿಸುವ ಸಾಕ್ಷ್ಯಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಲೆಕ್ಕದ ಕಾಡು

2024ರ ಕೊನೆಯಲ್ಲಿ ಪ್ರಕಟವಾದ ಭಾರತೀಯ ಅರಣ್ಯ ಸ್ಥಿತಿ ವರದಿಯ ಪ್ರಕಾರ 2005ಕ್ಕೆ ಹೋಲಿಸಿದರೆ 229 ಕೋಟಿ ಟನ್ ಇಂಗಾಲಾಮ್ಲಕ್ಕೆ ಸಮನಾದ ಹೆಚ್ಚುವರಿ ಇಂಗಾಲ ಈಗಾಗಲೇ ಸಂಗ್ರಹವಾಗಿದೆ. ಗುರಿ ಸಮೀಪಿಸಿದೆ ಎಂಬುದು ಈ ಅಂಕಿಯ ಸರಳ ಅರ್ಥ. ಆದರೆ ಈ ಲೆಕ್ಕದಲ್ಲಿ ಕಾಡು ಎಂದರೆ ಏನು ಎಂಬುದನ್ನು ಗಮನಿಸಬೇಕಾಗುತ್ತದೆ. ಒಂದು ಹೆಕ್ಟೇರಿಗಿಂತ ದೊಡ್ಡದಾಗಿದ್ದು, ಶೇ. 10ಕ್ಕಿಂತ ಹೆಚ್ಚು ಮರದ ನೆರಳಿರುವ ಯಾವುದೇ ಭೂಮಿ ಅರಣ್ಯ ಹೊದಿಕೆಯ ಲೆಕ್ಕಕ್ಕೆ ಸೇರುತ್ತದೆ. ಅದರ ಒಡೆತನ ಯಾರದು, ಮರ ಯಾವ ಜಾತಿಯದು ಎಂಬ ವಿಚಾರ ಅಲ್ಲಿ ಬರುವುದಿಲ್ಲ. ಹೀಗಾಗಿ ನೀಲಗಿರಿ ನೆಡುತೋಪೂ ಕೊಡಗಿನ ದೇವರಕಾಡೂ ಉಪಗ್ರಹದ ಚಿತ್ರದಲ್ಲಿ ಒಂದೇ ಹೊದಿಕೆಯಾಗಿ ಕಾಣಿಸಿಕೊಳ್ಳಬಲ್ಲವು. ಜನರ ಪಾಲಿಗೆ ಅವೆರಡೂ ಒಂದಲ್ಲ ಎಂಬುದಕ್ಕೆ ನಾಡಿನ ಚರಿತ್ರೆಯಲ್ಲಿ ಪ್ರಬಲ ನಿದರ್ಶನವಿದೆ.

1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಹೆಸರಿನಲ್ಲಿ ಬಯಲುಸೀಮೆಯ ಉದ್ದಗಲಕ್ಕೂ ನೀಲಗಿರಿ ಹಬ್ಬಿತು. ಕೋಲಾರದ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. 1984ರಲ್ಲಿ ರಾಜ್ಯ ಸರ್ಕಾರವು ಖಾಸಗಿ ಕಾರ್ಖಾನೆಯೊಂದರ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ರೂಪಿಸಿ, ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ಮರದ ತಿರುಳಿಗಾಗಿ ನೆಡುತೋಪು ಬೆಳೆಸಲು ಮುಂದಾಯಿತು. ಕಾಗದಪತ್ರಗಳಲ್ಲಿ ‘ಸಿ’ ಮತ್ತು ‘ಡಿ’ ದರ್ಜೆಯ ಪಾಳು ಎಂದು ನಮೂದಾಗಿದ್ದ ಆ ಭೂಮಿ ಊರಿನವರಿಗೆ ದನ ಮೇಯುವ, ಸೌದೆ ಸಿಗುವ, ಸೊಪ್ಪು ತರುವ ನೆಲವಾಗಿತ್ತು. ಇದರ ವಿರುದ್ಧ ಶಿವರಾಮ ಕಾರಂತ ಹಾಗೂ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂದು ಹೆಸರಾದ ಈ ಸತ್ಯಾಗ್ರಹದ ನಾಮಕರಣವೇ ಅರ್ಥಪೂರ್ಣವಾದುದು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಗಿಡವನ್ನು ಹಚ್ಚುತ್ತಾರೆ. ಜನರ ವಿರೋಧವಿದ್ದುದು ಮರ ಬೆಳೆಸುವುದಕ್ಕಲ್ಲ. ಯಾವ ಮರ, ಯಾರಿಗಾಗಿ ಎಂಬ ತೀರ್ಮಾನದಿಂದ ತಮ್ಮನ್ನು ಹೊರಗಿಟ್ಟುದಕ್ಕೆ ಎಂಬುದನ್ನು ಆ ಹೆಸರೇ ಹೇಳುತ್ತದೆ. 1991ರಲ್ಲಿ ಸಂಸ್ಥೆಯನ್ನು ಮುಚ್ಚಲಾಯಿತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೆಟ್ಟ ಮರಗಳ ಲೆಕ್ಕ ಎಷ್ಟೇ ದೊಡ್ಡದಿದ್ದರೂ, ನೆಲದ ಜನರು ತಮ್ಮದೆನ್ನದ ಕಾಡು ಬಾಳಿಕೆ ಬರುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಟ್ಟಳೆಯ ಕಾಡು

ಇದಕ್ಕೆ ಪ್ರತಿಯಾಗಿ, ಸಮುದಾಯಗಳು ತಮ್ಮ ಕಟ್ಟಳೆಯಿಂದಲೇ ಕಾದುಕೊಂಡ ಕಾಡುಗಳ ಪರಂಪರೆ ಕರ್ನಾಟಕದಲ್ಲಿ ದೀರ್ಘವಾದುದು. 1800-01ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕೆನರಾ ಪ್ರಾಂತದಲ್ಲಿ ಕಾಡುಗಳು ಗ್ರಾಮದೇವತೆಗಳ ಸೊತ್ತೆಂದು ಪರಿಗಣಿತವಾಗಿದ್ದುದನ್ನೂ, ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿರಲಿಲ್ಲವೆಂಬುದನ್ನೂ ದಾಖಲಿಸಿದ್ದಾನೆ. ಸರ್ಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ತಡೆಯಲು ಹೂಡಿದ ಉಪಾಯ ಇದೆಂದು ಅವನು ಸಂಶಯಿಸುತ್ತಾನೆ. ಆ ಸಂಶಯವನ್ನೇ ತಿರುಗಿಸಿ ಓದಿದರೆ, ದೇವರ ಹೆಸರು ಸಮುದಾಯದ ಒಡೆತನವನ್ನು ಸಾರುವ ಭಾಷೆಯೂ ಆಗಿತ್ತೆಂಬುದು ತಿಳಿಯುತ್ತದೆ. 1865 ಮತ್ತು 1878ರ ಅರಣ್ಯ ಕಾಯ್ದೆಗಳು ಈ ಭಾಷೆಯನ್ನು ಮಾನ್ಯ ಮಾಡಲಿಲ್ಲ. ಎರಡನೆಯ ಕಾಯ್ದೆಯಲ್ಲಿ ಗ್ರಾಮಾರಣ್ಯ ಎಂಬ ವರ್ಗವಿದ್ದರೂ ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು.

ಕೊಡಗಿನ ದೇವರಕಾಡುಗಳ ಚರಿತ್ರೆ ಈ ಪರಂಪರೆಯ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಅಯ್ಯಪ್ಪ, ಭಗವತಿ ಮೊದಲಾದ ದೈವಗಳಿಗೆ ಮೀಸಲಾದ ಸಾವಿರಕ್ಕೂ ಹೆಚ್ಚು ಕಾಡುಗಳು ಅಲ್ಲಿವೆ. ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಸಂಪ್ರದಾಯವಿದೆ. ದೇವರಕಾಡಿನಲ್ಲಿ ಕೊಡಲಿ ಹಾಕುವುದು ನಿಷಿದ್ಧ. ಆದರೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆರು ಸಾವಿರ ಹೆಕ್ಟೇರಿಗೂ ಹೆಚ್ಚಿದ್ದ ಇವುಗಳ ವಿಸ್ತಾರ 1980ರ ದಶಕದ ಹೊತ್ತಿಗೆ ಸುಮಾರು ಎರಡೂವರೆ ಸಾವಿರ ಹೆಕ್ಟೇರಿಗೆ ಇಳಿದಿತ್ತು. ಕಾಫಿ ತೋಟಗಳ ವಿಸ್ತರಣೆ ಮತ್ತು ಒತ್ತುವರಿಯ ಮುಂದೆ ನಂಬಿಕೆಯೊಂದೇ ಸಾಲಲಿಲ್ಲ. ಈ ಕಾಡುಗಳ ಒಡೆತನ ಕಂದಾಯ ಮತ್ತು ಅರಣ್ಯ ಇಲಾಖೆಗಳ ನಡುವೆ ಕೈಬದಲಾಯಿಸುತ್ತಿದ್ದಾಗ, ಕಾಯುವ ಊರಿನವರ ಕೈಯಲ್ಲಿ ಕಾನೂನಿನ ಅಧಿಕಾರವಿರಲಿಲ್ಲ. ಜನಪದ ಪರಂಪರೆಯನ್ನು ಕೇವಲ ವೈಭವೀಕರಿಸುವ ಬರವಣಿಗೆಗಳು ಈ ಸಂಗತಿಯನ್ನು ಮರೆಯುತ್ತವೆ.

ಹಕ್ಕಿನ ಕಾಡು

ಕಟ್ಟಳೆಗೆ ಕಾನೂನಿನ ಬಲ ದೊರೆತರೆ ಏನಾಗಬಹುದೆಂಬುದಕ್ಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವ ಗಮನಾರ್ಹ. ಸೋಲಿಗರ ಒಂದೊಂದು ಕುಲಕ್ಕೂ ‘ಯೆಲ್ಲೆ’ ಎಂಬ ತನ್ನದೇ ನೆಲೆಯಿದೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು ಆ ನೆಲೆಯ ಗುರುತುಗಳು. ದೊಡ್ಡಸಂಪಿಗೆ ಎಂಬ ಪುರಾತನ ಮರ ಅವರ ಆರಾಧನೆಯ ಕೇಂದ್ರಗಳಲ್ಲೊಂದು. ನೆಲದ ತರಗಿಗೆ ಲಘುವಾಗಿ ಹಚ್ಚುತ್ತಿದ್ದ ‘ತರಗು ಬೆಂಕಿ’ಯ ಪದ್ಧತಿ ನಿಂತ ಮೇಲೆಯೇ ಲಾಂಟಾನ ಕಾಡನ್ನು ಮುತ್ತಿಕೊಂಡಿತೆಂಬುದು ಅವರ ಅನುಭವದ ಮಾತು. 1974ರಲ್ಲಿ ಈ ಪ್ರದೇಶ ವನ್ಯಜೀವಿಧಾಮವಾದ ಬಳಿಕ ಕಾಡಿನೊಡನೆ ಅವರಿಗಿದ್ದ ಸಂಬಂಧ ಮೊಟಕಾಗುತ್ತ ಬಂದಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಅನ್ವಯ 2011ರಲ್ಲಿ ಇಲ್ಲಿನ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕನ್ನು ಮಾನ್ಯ ಮಾಡಿದ ಮೊದಲ ನಿದರ್ಶನವಿದು. ಹಾಡು, ಕಥೆ, ಆಚರಣೆಗಳಲ್ಲಿ ಉಳಿದಿದ್ದ ಎಲ್ಲೆಕಟ್ಟುಗಳು ಹಕ್ಕು ಸಾಧನೆಯ ವೇಳೆ ಸಾಕ್ಷ್ಯದ ಸ್ಥಾನಕ್ಕೆ ಬಂದುದು ಜನಪದ ಅಧ್ಯಯನದ ದೃಷ್ಟಿಯಿಂದಲೂ ಮಹತ್ವದ್ದು.

ಮೇಲಿನ ನಿದರ್ಶನಗಳಿಂದ ಒಂದು ತೀರ್ಮಾನಕ್ಕೆ ಬರಬಹುದು. ಕುಸನೂರಿನ ನೆಡುತೋಪಿಗೆ ಕಾನೂನಿನ ಬಲವಿತ್ತು, ಜನರ ಕಟ್ಟಳೆ ಇರಲಿಲ್ಲ. ಕೊಡಗಿನ ದೇವರಕಾಡಿಗೆ ಕಟ್ಟಳೆಯಿತ್ತು, ಕಾಯುವವರಿಗೆ ಹಕ್ಕಿರಲಿಲ್ಲ. ಎರಡೂ ಕೂಡಿದಾಗಲೇ ಕಾಡು ತಲೆಮಾರುಗಳ ಕಾಲ ನಿಲ್ಲುವ ಸಾಧ್ಯತೆಯಿದೆ. ಕಡಿದು ತಿರುಳಾಗುವ ಮರ ತಾನು ಹಿಡಿದ ಇಂಗಾಲದ ಬಹುಪಾಲನ್ನು ಬೇಗನೆ ಗಾಳಿಗೆ ಮರಳಿಸುತ್ತದೆ. ನಿಂತ ಕಾಡು ಮಾತ್ರ ಅದನ್ನು ಉಳಿಸಿಕೊಳ್ಳುತ್ತದೆ. ಆದುದರಿಂದ ಗುರಿಯ ಟನ್ನುಗಳನ್ನು ಎಣಿಸುವ ವರದಿಯಲ್ಲಿ, ಯಾವ ಕಾಡನ್ನು ಯಾರು ಯಾವ ಹಕ್ಕಿನಿಂದ ಕಾಯುತ್ತಿದ್ದಾರೆ ಎಂಬ ವಿವರವೂ ಸೇರಬೇಕು. ಗೋಮಾಳ, ಸೊಪ್ಪಿನಬೆಟ್ಟಗಳಲ್ಲಿ ಗಿಡ ನೆಡುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು. ಬಾಕಿ ಉಳಿದಿರುವ ಸಾಮುದಾಯಿಕ ಹಕ್ಕುಗಳ ಅರ್ಜಿಗಳು ಇತ್ಯರ್ಥವಾಗಬೇಕು. ಹರಕೆ ಹೊತ್ತವನು ತೀರಿಸುವುದು ದಂಡಕ್ಕೆ ಹೆದರಿ ಅಲ್ಲ, ಅದು ತನ್ನ ಮಾತೆಂಬ ಕಾರಣಕ್ಕೆ. ದಂಡವಿಲ್ಲದ ಪ್ಯಾರಿಸ್ ಒಪ್ಪಂದ ದೇಶಗಳಿಂದ ಬಯಸುವುದೂ ಅದನ್ನೇ. ಆ ಮಾತನ್ನು ದೇಶ ತನ್ನ ಕಾಡಿನ ಜನರ ಜೊತೆಗೂಡಿ ಆಡಬೇಕಾಗಿದೆ.