ಪತ್ತಿನ ಧರ್ಮ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ಉಣಕಲ್ಲಿನ ಕೆರೆಯನ್ನು ಕಾಣದವರು ವಿರಳ. ಅದೇ ಊರೊಳಗಿನ ಚಂದ್ರಮೌಳೇಶ್ವರ ದೇವಾಲಯವನ್ನು ಕಂಡವರು ಅಷ್ಟು ಜನರಿಲ್ಲ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಈ ಗುಡಿಯು ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪವಾಗಿದ್ದು, ನೋಡಲು ಬಂದವರು ಕಂಬಗಳ ನಯವನ್ನೂ ಬಾಗಿಲವಾಡಗಳ ಕೆತ್ತನೆಯನ್ನೂ ಮೆಚ್ಚಿ ಹಿಂದಿರುಗುವರು. ಆದರೆ ಇಂತಹ ಗುಡಿಗಳನ್ನು ಕಟ್ಟಿ ಮುಗಿಸಿದ ಮೇಲೆ ದಿನದಿನವೂ ದೀಪವುರಿಯಲು ಎಣ್ಣೆಯು ಎಲ್ಲಿಂದ ಬರುತ್ತಿದ್ದಿತೆಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಈ ಪ್ರಶ್ನೆಯ ಉತ್ತರದಲ್ಲಿ ನಮ್ಮ ನಾಡಿನ ಹಣದ ಇತಿಹಾಸದ ಒಂದು ಮುಖ್ಯ ಅಧ್ಯಾಯವು ಅಡಗಿರುವುದು.

ಆ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಅದರ ಕ್ರಮವು ಪರಿಚಿತವೇ. ಭೂಮಿಯನ್ನು ದತ್ತಿಯಾಗಿ ಬಿಡುವುದು ಒಂದು ಬಗೆ. ಮತ್ತೊಂದು ಬಗೆಯಲ್ಲಿ ದಾನಿಯು ಇಂತಿಷ್ಟು ಗದ್ಯಾಣಗಳನ್ನು ಊರ ಮಹಾಜನರ ಅಥವಾ ಸೆಟ್ಟಿಗಳ ಕೈಯಲ್ಲಿ ಇಡುತ್ತಿದ್ದನು. ಅಸಲನ್ನು ಮುಟ್ಟದೆ, ಗದ್ಯಾಣಕ್ಕೆ ತಿಂಗಳಿಗೆ ಇಷ್ಟೆಂದು ಬಂದ ಬಡ್ಡಿಯಿಂದಲೇ ನಂದಾದೀವಿಗೆಯೂ ವಿದ್ಯಾರ್ಥಿಗಳ ಅನ್ನವೂ ನಡೆಯತಕ್ಕದ್ದೆಂದು ಕಲ್ಲಿನಲ್ಲಿ ಬರೆಯಿಸುತ್ತಿದ್ದನು. ಹಣವು ವರ್ತಕರ ಕೈಯಲ್ಲಿ ವ್ಯಾಪಾರಕ್ಕೆ ಒದಗಿತು; ಅದರ ಫಲವು ಊರಿಗೆ ಸಂದಿತು. ಈ ಧರ್ಮವನ್ನು ಅಳಿದವನು ವಾರಾಣಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪವಾಕ್ಯವು ಕೊನೆಗೆ ಬರುತ್ತಿದ್ದಿತು. ನ್ಯಾಯಸ್ಥಾನವು ದೂರವಿದ್ದ ಕಾಲದಲ್ಲಿ ಪಾಪಭಯವೂ ಊರವರ ಕಣ್ಣೂ ಆ ನಿಧಿಗೆ ಕಾವಲಾಗಿದ್ದವು.

ಧಾರವಾಡದ ಕಡೆಯ ಆಡುಮಾತಿನಲ್ಲಿ ಸಾಲ ಹುಟ್ಟುವ ಯೋಗ್ಯತೆಗೆ ‘ಪತ್ತು’ ಎಂಬ ಶಬ್ದವುಂಟು. ಪತ್ತುಳ್ಳವನೆಂದರೆ ಊರವರ ನಂಬಿಕೆಗೆ ಪಾತ್ರನಾದವನು. ಲಾಭದೊಡನೆ ಲೋಕಹಿತವನ್ನೂ ಸಾಧಿಸಬೇಕೆಂಬ ಹಣಕಾಸಿನ ಕ್ರಮವನ್ನು ಈಗ ಜಗತ್ತಿನ ಪೇಟೆಗಳು ಹೊಸತೆಂಬಂತೆ ಹೊಗಳುತ್ತಿರುವವು. ಧಾರವಾಡ ಸೀಮೆಯು ಈ ಪಾಠವನ್ನು ನೂರಿಪ್ಪತ್ತು ವರ್ಷಗಳ ಹಿಂದೆಯೇ ಕಲಿಯಲು ತೊಡಗಿ, ಗೆದ್ದೂ ಸೋತೂ ನೋಡಿರುವುದು. ಕೊಡುವವನ ಸದುದ್ದೇಶವೊಂದೇ ಸಾಲದು, ಪತ್ತನ್ನು ಹತ್ತಿರದಿಂದ ಅಳೆಯುವ ಕಣ್ಣೂ ಬೇಕೆಂಬುದೇ ಆ ಅನುಭವದ ಸಾರಾಂಶವು.

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಈ ಸೀಮೆಯ ಎರೆಭೂಮಿಯಲ್ಲಿ ಅಮೇರಿಕದ ಹತ್ತಿಯ ತಳಿಯು ಬೇರೂರಿದ್ದಿತು. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಅರಳೆಯು ಇಂಗ್ಲಂಡಿಗೆ ಹೋಗುವುದು ನಿಲ್ಲಲು, ಧಾರವಾಡದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಒಕ್ಕಲಿಗನ ಕೈಯಲ್ಲಿ ಹಣವು ಆಡಿತು. ಆ ಭರವಸೆಯ ಮೇಲೆ ಸಾಲವೂ ಸುಲಭವಾಗಿ ಹುಟ್ಟಿತು. ಯುದ್ಧವು ಮುಗಿದೊಡನೆ ಬೆಲೆಯು ಕುಸಿಯಿತು, ಸಾಲವು ಮಾತ್ರ ಉಳಿಯಿತು. ಅದರ ಬೆನ್ನಿಗೇ 1876ರಿಂದ 1878ರ ವರೆಗಿನ ಘೋರ ಕ್ಷಾಮವು ಬಂದೆರಗಿತು. ಹಳ್ಳಿಯಲ್ಲಿದ್ದು ಮಳೆಬೆಳೆಯನ್ನು ನೋಡಿ ವಸೂಲಿಗೆ ತಾಳುತ್ತಿದ್ದ ಸಾವಕಾರನ ಕೈಗೆ ಕೋರ್ಟಿನ ಡಿಕ್ರಿ ಬಂದಿದ್ದಿತು. ತಾಳಬೇಕಾದ ಅವಶ್ಯಕತೆಯು ಅವನಿಗೆ ಉಳಿಯಲಿಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟರು. ದಂಗೆಯು ಪುಣೆ ಅಹಮದನಗರಗಳ ಸುತ್ತಲೇ ನಡೆಯಿತಾದರೂ, ಮುಂಬಯಿ ಇಲಾಖೆಯ ಸರಕಾರಕ್ಕೆ ರೈತನ ಋಣವು ರಾಜ್ಯದ ಪ್ರಶ್ನೆಯೆಂಬುದು ಮನದಟ್ಟಾಯಿತು. 1879ರಲ್ಲಿ ಬಂದ ದಖ್ಖನದ ರೈತರ ಪರಿಹಾರದ ಕಾಯಿದೆಯು ಸಾವಕಾರನ ಕೈಯನ್ನು ಕೆಲಮಟ್ಟಿಗೆ ಕಟ್ಟಿತೇ ಹೊರತು, ಬಿತ್ತನೆಯ ಹೊತ್ತಿಗೆ ಬೇಕಾದ ಹಣವನ್ನು ಒದಗಿಸಲಾರದಾಯಿತು.

ಹಣವನ್ನು ಒದಗಿಸುವ ಉಪಾಯವು ಜರ್ಮನಿಯಿಂದ ಬಂದಿತು. ರೈನ್ ನದಿಯ ಸೀಮೆಯ ಹಳ್ಳಿಗಳಲ್ಲಿ ಅಧಿಕಾರಿಯಾಗಿದ್ದ ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಜನ್ ಎಂಬ ಮಹನೀಯನು 1846-47ರ ಬರದಲ್ಲಿ ಬಡವರಿಗೆ ರೊಟ್ಟಿ ಹಂಚಿ, ಬರಿಯ ದಾನದಿಂದ ಬಡತನವು ಹಿಂಗದೆಂಬುದನ್ನು ಕ್ರಮೇಣ ಅರಿತನು. 1864ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ಅವನು ಸ್ಥಾಪಿಸಿದ ಸಾಲದ ಸಂಘದಲ್ಲಿ ಸಾಲ ಪಡೆಯುವವರೇ ಸಂಘದ ಒಡೆಯರು. ಮದ್ರಾಸ್ ಸರಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಈ ಪದ್ಧತಿಯನ್ನು ಅಭ್ಯಸಿಸಿ 1895ರಲ್ಲಿಯೂ 1897ರಲ್ಲಿಯೂ ವರದಿಗಳನ್ನು ಪ್ರಕಟಿಸಿದನು. ಅದರ ಫಲವಾಗಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಜಾರಿಗೆ ಬಂದಿತು.

ಮರುವರ್ಷವೇ, ಎಂದರೆ 1905ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮ ಊರವರನ್ನು ಕೂಡಿಸಿ ಒಂದು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಭಾರತದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಇದು ಗಣಿಸಲ್ಪಟ್ಟಿದೆ. ರಾಜಧಾನಿಯೂ ಅಲ್ಲದ, ದೊಡ್ಡ ಪೇಟೆಯೂ ಅಲ್ಲದ ಒಂದು ಹಳ್ಳಿಗೆ ಈ ಮಾನವು ಸಂದುದು ಕನ್ನಡಿಗರು ಮರೆಯತಕ್ಕ ಸಂಗತಿಯಲ್ಲ.

ಆ ಕಾಯಿದೆಯ ನಿಬಂಧನೆಗಳು ಚಿಕ್ಕವು; ಆದರೆ ಒಂದೊಂದರ ಹಿಂದೆಯೂ ವಿಚಾರವಿದ್ದಿತು. ಒಂದೇ ಊರಿನವರು ಅಥವಾ ಒಂದೇ ಪಂಗಡದವರು ಹತ್ತು ಜನ ಪ್ರಾಯಸ್ಥರು ಸೇರಿದರೆ ಸಂಘವನ್ನು ಸ್ಥಾಪಿಸಬಹುದಾಗಿದ್ದಿತು. ಗ್ರಾಮಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲಿಗರೇ ಇರಬೇಕು. ಸದಸ್ಯನಲ್ಲದವನಿಗೆ ಸಾಲವಿಲ್ಲ. ಬಂದ ಲಾಭವನ್ನು ಹಂಚಿಕೊಳ್ಳದೆ ಮೊದಲು ಕಾಯ್ದಿಟ್ಟ ನಿಧಿಗೆ ಸೇರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಗ್ರಾಮಸಂಘದ ಸದಸ್ಯರ ಹೊಣೆಯು ಅಮಿತವಾದುದು: ಸಂಘವು ಮುಳುಗಿದರೆ ಪ್ರತಿಯೊಬ್ಬನೂ ತನ್ನ ಪಾಲಿನ ಹಣವನ್ನಷ್ಟೇ ಅಲ್ಲ, ತನ್ನ ಸರ್ವಸ್ವವನ್ನೂ ಒಡ್ಡಬೇಕಾಗಿದ್ದಿತು.

ಮೇಲುನೋಟಕ್ಕೆ ಈ ಕೊನೆಯ ಕಟ್ಟಳೆಯು ಕ್ರೂರವೆಂದು ತೋರುವುದು. ಆದರೆ ಅದರ ಮರ್ಮವು ಹಳ್ಳಿಯನ್ನು ಬಲ್ಲವರಿಗೆ ತಿಳಿಯುವುದು. ನೆರೆಯವನು ಎತ್ತು ಕೊಳ್ಳಲು ಸಾಲ ತೆಗೆದು ಮದುವೆಗೆ ವೆಚ್ಚ ಮಾಡಿದರೆ ತನ್ನ ಹೊಲಕ್ಕೇ ಕುತ್ತು ಬರುವುದೆಂದು ಗೊತ್ತಿದ್ದವನು ಸುಮ್ಮನೆ ಕೂಡ್ರಲಾರನು. ದೂರದ ಬ್ಯಾಂಕಿನವರಿಗೆ ಯಾವ ಕಾಗದದಿಂದಲೂ ತಿಳಿಯದ ಸಂಗತಿಯು ಬದುವಿನಾಚೆಯವನಿಗೆ ಕೇಳದೆಯೇ ತಿಳಿದಿರುವುದು. ಶಾಸನದ ಕಾಲದಲ್ಲಿ ಶಾಪವಾಕ್ಯವು ಮಾಡಿದ ಕಾವಲನ್ನು ಇಲ್ಲಿ ಕೂಡುಹೊಣೆಯು ಮಾಡಿತು.

ಆದರೆ ಬಡವರು ಕೂಡಿದ ಮಾತ್ರದಿಂದ ಬಂಡವಾಳವು ಹುಟ್ಟದು. ಆದುದರಿಂದ 1911ರಲ್ಲಿ ವಿಠ್ಠಲದಾಸ ಠಾಕರಸಿ, ಲಲ್ಲೂಭಾಯಿ ಸಾಮಳದಾಸ ಮೊದಲಾದವರು ಮುಂಬಯಿಯಲ್ಲಿ ಸಹಕಾರಿ ಮಧ್ಯವರ್ತಿ ಬ್ಯಾಂಕನ್ನು ಸ್ಥಾಪಿಸಿದರು. ಅದರ ಸಾಲಪತ್ರಗಳ ಬಡ್ಡಿಗೆ ಸರಕಾರವು ಹೊಣೆ ನಿಂತಿತು. ಪಟ್ಟಣದ ಶ್ರೀಮಂತನು ಮಿತವಾದ ಬಡ್ಡಿಗೆ ತೃಪ್ತನಾಗಿ ತನ್ನ ಹಣವನ್ನು ಹಳ್ಳಿಯ ಬೇಸಾಯಕ್ಕೆ ತೊಡಗಿಸುವ ಮಾರ್ಗವು ಹೀಗೆ ತೆರೆಯಿತು. 1912ರ ಹೊಸ ಕಾಯಿದೆಯು ಇಂತಹ ಕೇಂದ್ರ ಸಂಸ್ಥೆಗಳಿಗೆ ಮನ್ನಣೆಯಿತ್ತಿತು. 1916ರಲ್ಲಿ ಧಾರವಾಡದಲ್ಲಿಯೂ ಕರ್ನಾಟಕ ಕೇಂದ್ರ ಸಹಕಾರಿ ಬ್ಯಾಂಕು ತಲೆಯೆತ್ತಿತು.

ಇಷ್ಟಾದರೂ ಈ ಇತಿಹಾಸವನ್ನು ಬರಿಯ ಕೀರ್ತಿಗಾನವಾಗಿ ಮಾಡುವುದು ಸತ್ಯಕ್ಕೆ ದೂರವಾದೀತು. 1929ರ ಅನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಹತ್ತಿಯ ಬೆಲೆಯು ಬಿದ್ದು ದೇಶದಲ್ಲೆಲ್ಲ ಸಂಘಗಳ ಬಾಕಿಯು ಬೆಳೆಯಿತು. ಹೊಲವಿಲ್ಲದವನಿಗೆ ಜಾಮೀನು ನಿಲ್ಲುವವರಿಲ್ಲದುದರಿಂದ ಕೂಡುಹೊಣೆಯ ಬಾಗಿಲು ಕಡುಬಡವನಿಗೆ ತೆರೆಯಲೇ ಇಲ್ಲ. ಅನೇಕ ಕಡೆಗಳಲ್ಲಿ ಸಂಘವು ಊರ ಹಿರಿಯರ ಮನೆಯ ಪಡಸಾಲೆಯಲ್ಲಿಯೇ ಉಳಿಯಿತು. 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಪತ್ತಿನ ಪರಿಶೀಲನೆಯಲ್ಲಿ, ಒಕ್ಕಲಿಗರು ತಂದ ಒಟ್ಟು ಸಾಲದಲ್ಲಿ ಸಹಕಾರಿ ಸಂಘಗಳಿಂದ ಬಂದುದು ನೂರಕ್ಕೆ 3ರಷ್ಟು ಮಾತ್ರವೆಂದು ಕಂಡುಬಂದಿತು. ಅರ್ಧ ಶತಮಾನದ ದುಡಿಮೆಯ ಬಳಿಕ ಇದು ತಲೆತಗ್ಗಿಸುವ ಲೆಕ್ಕವೇ ಸರಿ.

ಮುಂದೆ ಸರಕಾರವು ಬೇರೆ ದಾರಿಗಳನ್ನು ಹುಡುಕಿತು. 1976ರಲ್ಲಿ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ಹುಟ್ಟಿತು. 2005ರಲ್ಲಿ ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಯಿತು. ಅದೂ 2025ರಲ್ಲಿ ರಾಜ್ಯಕ್ಕೆಲ್ಲ ಒಂದೇ ಆದ, ಬಳ್ಳಾರಿಯಲ್ಲಿ ಮುಖ್ಯ ಕಚೇರಿಯುಳ್ಳ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು. ಸಂಸ್ಥೆಯು ಬೆಳೆದಂತೆಲ್ಲ ಅದರ ಕಣ್ಣು ಹಳ್ಳಿಯಿಂದ ದೂರ ಸರಿಯುವ ಭಯವು ಇದ್ದೇ ಇರುವುದು. ಇನ್ನೊಂದು ದಾರಿಯು ಸೋಲಿನಿಂದಲೇ ಹುಟ್ಟಿತು. 1984-85ರ ಸುಮಾರಿಗೆ ಮೈರಾಡ ಸಂಸ್ಥೆಯ ಕ್ಷೇತ್ರಗಳಲ್ಲಿ ದೊಡ್ಡ ಸಹಕಾರಿ ಸಂಘಗಳು ಒಡೆದುಹೋಗಲು, ಸದಸ್ಯರು ಪರಸ್ಪರ ನಂಬಿಗೆಯುಳ್ಳ ಚಿಕ್ಕ ಗುಂಪುಗಳಾಗಿ ಕೂಡಿ ಉಳಿತಾಯ ಮಾಡತೊಡಗಿದರು. 1992ರಲ್ಲಿ ನಬಾರ್ಡ್ ಇಂತಹ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸಿತು. ಇಂದು ಮನೆಮನೆಯಲ್ಲಿ ಹೆಸರಾದ ಸ್ವಸಹಾಯ ಸಂಘದ ಮೂಲವಿದು. ಹೊಲವಿಲ್ಲದ ಹೆಣ್ಣುಮಗಳ ಪತ್ತನ್ನು ಇದು ಮೊದಲ ಬಾರಿಗೆ ಲೆಕ್ಕಕ್ಕೆ ತಂದಿತು.

ಆದರೆ ಅದೇ ಗುಂಪುಹೊಣೆಯನ್ನು ಬರಿಯ ಲಾಭದ ಹಣವು ಎರವಲು ಪಡೆದಾಗ ಆದ ಅನರ್ಥವೂ ಕಣ್ಣ ಮುಂದಿರುವುದು. 2010ರಲ್ಲಿ ಆಂಧ್ರದಲ್ಲಿ ಕಿರುಸಾಲದ ಕಂಪನಿಗಳ ವಸೂಲಿಯು ಜನರನ್ನು ಕಂಗೆಡಿಸಿ ಸರಕಾರವು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕರ್ನಾಟಕದಲ್ಲಿಯೂ ಸಾಲಗಾರರು ಊರು ಬಿಟ್ಟ, ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದು, ಬಲಾತ್ಕಾರದ ವಸೂಲಿಯನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯು ಹೊರಟಿತು. ಕಣಗಿನಹಾಳದಲ್ಲಿ ನೆರೆಯವನ ಕಣ್ಣು ಸಾಲವು ದಾರಿ ತಪ್ಪದಂತೆ ಕಾಯುವುದಕ್ಕಾಗಿ ಇದ್ದಿತು. ಇಲ್ಲಿ ಅದೇ ಕಣ್ಣು ಕಂತು ತಪ್ಪಿದವಳನ್ನು ಬಾಗಿಲಲ್ಲಿ ನಿಲ್ಲಿಸಿ ನಾಚಿಸುವ ಸಾಧನವಾಯಿತು. ಮೊದಲನೆಯದರಲ್ಲಿ ಲಾಭವು ಸಂಘದ ನಿಧಿಗೆ ಹೋಗುತ್ತಿದ್ದಿತು, ಎರಡನೆಯದರಲ್ಲಿ ಊರ ಹೊರಗೆ ಹೋಯಿತು.

ಪರಿಣಾಮವನ್ನು ಅಳೆದು ಹಣ ತೊಡಗಿಸುವ ಕ್ರಮಕ್ಕೆ 2007ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನವು ಕೂಡಿಸಿದ ಸಭೆಯಲ್ಲಿ ‘ಇಂಪ್ಯಾಕ್ಟ್ ಇನ್ವೆಸ್ಟಿಂಗ್’ ಎಂಬ ಹೆಸರು ಬಿದ್ದಿತು. ಭಾರತದಲ್ಲಿ ಸಾಮಾಜಿಕ ಶೇರುಪೇಟೆಯು ಏರ್ಪಟ್ಟು, 2023ರ ಡಿಸೆಂಬರಿನಲ್ಲಿ ಅದರಲ್ಲಿ ಮೊದಲು ಪಟ್ಟಿಗೆ ಸೇರಿದ್ದು ಬೆಂಗಳೂರಿನ ಉನ್ನತಿ ಪ್ರತಿಷ್ಠಾನವು. ಯುವಕರಿಗೆ ಉದ್ಯೋಗದ ತರಬೇತಿ ಕೊಡುವ ಆ ಸಂಸ್ಥೆಯ ಪತ್ರಕ್ಕೆ ಬಡ್ಡಿಯೂ ಇಲ್ಲ, ಅಸಲೂ ಹಿಂದಿರುಗದು. ಹಣ ಕೊಟ್ಟವನಿಗೆ ದೊರೆಯುವುದು ಕಾರ್ಯವು ಆಯಿತೆಂಬ ಲೆಕ್ಕವೊಂದೇ. ಕೊಟ್ಟ ಗದ್ಯಾಣವನ್ನು ಮರಳಿ ಕೇಳದೆ ದೀಪವು ಉರಿಯಿತೇ ಎಂದಷ್ಟೇ ಕೇಳಿದ ಹಳೆಯ ದಾನಿಯ ನೆನಪು ಇದರಿಂದ ಬಾರದಿರದು.

ಆದರೆ ದೀಪವು ಉರಿಯಿತೋ ಇಲ್ಲವೋ ಎಂಬುದನ್ನು ಆ ದಾನಿಯ ಊರವರು ಸಂಜೆಗೊಮ್ಮೆ ಗುಡಿಗೆ ಹೋಗಿ ತಾವೇ ನೋಡಬಹುದಾಗಿದ್ದಿತು. ಇಂದಿನ ಹಣವು ದೂರದಿಂದ ಬರುವುದು, ಅದರ ಲೆಕ್ಕವೂ ದೂರಕ್ಕೇ ಹೋಗುವುದು. ಉಣಕಲ್ಲು ಈಗ ಮಹಾನಗರದ ಒಂದು ಭಾಗವಾಗಿದೆ. ಅಲ್ಲಿಯ ಮನೆಗಳಿಗೂ ಸಾಲವು ಸುಲಭವಾಗಿ ಬಾಗಿಲಿಗೇ ಬರುತ್ತಿರುವುದು. ಸಾಲ ಕೊಟ್ಟವರು ತಮ್ಮ ಹಣದಿಂದ ಜನಹಿತವಾಯಿತೆಂದು ಬರೆದುಕೊಂಡಾಗ, ಅದು ಆಯಿತೇ ಎಂದು ಸಾಲ ಪಡೆದವಳನ್ನೇ ಕೇಳಿ ಆ ವರದಿಯನ್ನು ಮುಗಿಸತಕ್ಕದ್ದು. 1905ರಲ್ಲಿ ಕಣಗಿನಹಾಳದವರು ಆ ಪ್ರಶ್ನೆಯನ್ನು ತಮ್ಮೊಳಗೇ ಕೇಳಿಕೊಳ್ಳುವ ಅಧಿಕಾರವನ್ನು ಪಡೆದಿದ್ದರು.